ಎಲೆ ಬಿಡಿಸುವ ಮೊದಲು ಎಲೆ ನೋಡೋಣ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಚಿತ್ರಕಲೆಯನ್ನೂ ಪರಿಸರ ಪಾಠವನ್ನೂ ಜೊತೆಯಾಗಿ ಕಲಿಸುವುದು ಹೇಗೆಂದು ಕೇಳಿ ಕಾಸರಗೋಡು, ಮಂಜೇಶ್ವರ ಕಡೆಯ ಕನ್ನಡ ಶಾಲೆಗಳಿಂದ ಬಂದ ಪ್ರಶ್ನೆಗಳಿಗೆ ಈ ಸಲದ ಪುಟ ಮೀಸಲು. ಚಿತ್ರಕಲೆ ಕಲಿಸುವವರೂ ವಿಜ್ಞಾನ ಕಲಿಸುವವರೂ ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ಜೂನ್ 5ಕ್ಕೆ ಚಿತ್ರ ಬಿಡಿಸಿ ಎಂದರೆ ಮೂರನೇ ತರಗತಿಯ ಮಕ್ಕಳೆಲ್ಲರದ್ದೂ ಒಂದೇ ಚಿತ್ರ: ಎರಡು ಕೈಗಳ ನಡುವೆ ಭೂಮಿ, ಅದರ ಮೇಲೊಂದು ಗಿಡ, ಕೆಳಗೆ ‘ಪರಿಸರ ಉಳಿಸಿ’. ಬೇರೆ ದಿನ ಹೇಳಿದರೆ ಎರಡು ಗುಡ್ಡ, ನಡುವೆ ಸೂರ್ಯ, ಒಂದು ಮನೆ. ನಲ್ವತ್ತು ನಿಮಿಷದ ಪೀರಿಯಡಿನಲ್ಲಿ 28 ಮಕ್ಕಳಿಂದ, ಪರಿಸರ ಪಾಠಕ್ಕೂ ಉಪಯೋಗವಾಗುವಂಥದ್ದೇನು ಮಾಡಿಸಬಹುದು?
– ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಯ ಟೀಚರ್, ಪೆರ್ಲ

ಮಕ್ಕಳು ಆ ಚಿತ್ರವನ್ನು ಕಲಿತದ್ದು ಬೇರೆ ಚಿತ್ರಗಳನ್ನು ನೋಡಿ; ಭೂಮಿಯನ್ನೋ ಗಿಡವನ್ನೋ ನೋಡಿ ಅಲ್ಲ. ವಿಷಯ ದೊಡ್ಡದಾದಷ್ಟೂ ಮಗು ನೆನಪಿನಲ್ಲಿರುವ ಗುರುತನ್ನೇ ಬರೆದುಬಿಡುತ್ತದೆ. ಆದ್ದರಿಂದ ವಿಷಯವನ್ನು ಅಂಗೈಯಗಲಕ್ಕೆ ಇಳಿಸಿ. ಒಂದು ಎಲೆ ಸಾಕು.

ಹಲಸಿನ ಎಲೆಯಿಂದ ತೊಡಗಿ. ನಮ್ಮ ಯಾವ ಶಾಲೆಯ ಆಸುಪಾಸಿನಲ್ಲೂ ಅದು ಸಿಗುತ್ತದೆ. ದಪ್ಪಗಿರುವುದರಿಂದ ಪೀರಿಯಡ್ ಮುಗಿಯುವವರೆಗೆ ಬಾಡುವುದಿಲ್ಲ. ಎ4 ಕಾಗದದ ಅರ್ಧ ಭಾಗದಲ್ಲಿ ಇದ್ದ ಅಳತೆಯಲ್ಲೇ ಬಿಡಿಸಬಹುದು. ತುಂಬೆ, ನಾಚಿಕೆಮುಳ್ಳು ಚೆಂದವೇ, ಆದರೆ ಕಿತ್ತು ತರಗತಿಗೆ ತರುವಷ್ಟರಲ್ಲಿ ಮುದುಡಿರುತ್ತವೆ. ಹಲಸಿನ ಎಲೆಯನ್ನೂ ಮರದಿಂದ ಕೀಳಿಸಬೇಡಿ. ಮೇಣ ಅಂಗಿಗೆ ಹಿಡಿದರೆ ಮತ್ತೆ ಬಿಡದು. ಬುಡದಲ್ಲಿ ಉದುರಿದವನ್ನೇ ಆರಿಸಲಿ, ಹುಳ ತಿಂದದ್ದು, ಚುಕ್ಕೆ ಬಿದ್ದದ್ದು, ತುದಿ ಮುರಿದದ್ದು ಆದರೆ ಇನ್ನೂ ಒಳ್ಳೆಯದು.

ಮೊದಲ ಹತ್ತು ನಿಮಿಷ ಪೆನ್ಸಿಲ್ ಮುಟ್ಟುವಂತಿಲ್ಲ. ಎಲೆಯ ಅಂಚಿನಲ್ಲಿ ಬೆರಳು ಸುತ್ತಿಸಲಿ, ಮೇಲ್ಮೈ ಕೆಳಮೈ ಎರಡನ್ನೂ ಕೆನ್ನೆಗೆ ಮುಟ್ಟಿಸಿ ನೋಡಲಿ, ಬೆಳಕಿಗೆ ಹಿಡಿಯಲಿ, ನಡುದಿಂಡಿನ ಎಡಬದಿಯಲ್ಲಿ ಎಷ್ಟು ನರ, ಬಲಬದಿಯಲ್ಲಿ ಎಷ್ಟು ಎಂದು ಎಣಿಸಲಿ. ಎರಡೂ ಬದಿ ಸಮ ಇರಬೇಕೆಂದೇನೂ ಇಲ್ಲ. ಅದು ಗೊತ್ತಾದ ಮಗು ಎಣಿಕೆಯನ್ನು ಮತ್ತೊಮ್ಮೆ ಮಾಡುತ್ತದೆ, ನೀವು ಹೇಳಬೇಕಾಗಿಲ್ಲ. ಆಮೇಲೆ ಹದಿನೈದು ನಿಮಿಷ ಬಿಡಿಸುವುದು. ಎಚ್‌ಬಿ ಪೆನ್ಸಿಲ್ ಸಾಕು, ರಬ್ಬರ್ ಬೇಡ. ರಬ್ಬರ್ ಇದ್ದರೆ ಅರ್ಧದಷ್ಟು ಮಕ್ಕಳು ಮೊದಲ ಗೆರೆಯನ್ನೇ ಅಳಿಸುತ್ತ ಕೂರುತ್ತಾರೆ. ಗೆರೆ ತಪ್ಪಿದರೆ ಪಕ್ಕದಲ್ಲೇ ಸರಿಯಾದ ಗೆರೆ ಎಳೆಯಲಿ.

ಇಲ್ಲಿ ಸಾಮಾನ್ಯವಾಗಿ ಕೆಡುವುದು ಎರಡು ಕಡೆ. ಒಂದು, ಟೀಚರ್ ಬೋರ್ಡಿನಲ್ಲಿ ‘ಹೀಗೆ’ ಎಂದು ಒಂದು ಎಲೆ ಬರೆದು ತೋರಿಸುವುದು. ಅಲ್ಲಿಗೆ 28 ಮಕ್ಕಳೂ ಬೋರ್ಡಿನ ಎಲೆಯನ್ನೇ ಬಿಡಿಸುತ್ತಾರೆ. ಎರಡು, ನರಗಳು. ಮೀನಿನ ಮುಳ್ಳಿನ ಹಾಗೆ ನೇರ ಗೆರೆ ಎಳೆದು ಅಂಚಿಗೆ ತಾಗಿಸಿಬಿಡುತ್ತಾರೆ. ಹಲಸಿನ ಎಲೆಯ ನರ ಹಾಗೆ ಹೋಗುವುದಿಲ್ಲ, ಅಂಚಿನ ಹತ್ತಿರ ಬಂದು ತುದಿಯ ಕಡೆಗೆ ಬಾಗುತ್ತದೆ. ‘ತಪ್ಪು’ ಎನ್ನಬೇಡಿ, ‘ಈ ನರ ಎಲ್ಲಿ ಹೋಗಿ ಮುಗಿಯಿತು, ಬೆರಳಿಟ್ಟು ತೋರಿಸು’ ಎನ್ನಿ.

ಕೊನೆಗೆ ಏಳೇಳು ಮಕ್ಕಳ ನಾಲ್ಕು ಗುಂಪು ಮಾಡಿ. ಗುಂಪಿನ ಏಳು ಎಲೆಗಳನ್ನು ಒಟ್ಟಿಗೆ ರಾಶಿ ಹಾಕಿ, ಚಿತ್ರಗಳನ್ನು ಪಕ್ಕದ ಗುಂಪಿಗೆ ಕೊಡಿ. ಯಾವ ಚಿತ್ರ ಯಾವ ಎಲೆಯದ್ದೆಂದು ಅವರು ಹುಡುಕಬೇಕು. ಎಲ್ಲವೂ ಹಲಸಿನ ಎಲೆಯೇ ಆದ್ದರಿಂದ ಹುಳ ತಿಂದ ತೂತು, ಸೊಟ್ಟ ತೊಟ್ಟು ಇವೇ ಗುರುತು. ಸಿಕ್ಕಿತೆಂದರೆ ಚಿತ್ರ ಸರಿಯಾಗಿದೆ. ಚೆಂದ ಬಿಡಿಸುವ ಮಗುವಿನ ಚಿತ್ರಕ್ಕೆ ಎಲೆ ಸಿಗದೆ, ವಕ್ರವಕ್ರ ಬಿಡಿಸಿದ ಮಗುವಿನ ಎಲೆ ತಕ್ಷಣ ಸಿಗುವುದುಂಟು. ಚಿತ್ರಕಲೆಯೆಂದರೆ ಹೆದರುವ ಮಕ್ಕಳು ಆ ದಿನ ಧೈರ್ಯ ತಂದುಕೊಳ್ಳುತ್ತಾರೆ.

ಚಿತ್ರದ ಕೆಳಗೆ ಹೆಸರು ಬರೆಯಿಸಿ, ಮನೆಯಲ್ಲಿ ಏನೆನ್ನುತ್ತಾರೋ ಅದೂ ಇರಲಿ: ಕನ್ನಡದ ಹಲಸು, ತುಳುವಿನ ಪೆಲಕಾಯಿ, ಮಲಯಾಳದ ಪ್ಲಾವು, ಕೊಂಕಣಿಯ ಪಣಸ. ಸಪ್ತಭಾಷೆಯ ಊರಿನಲ್ಲಿ ಈ ಪಾಠಕ್ಕೆ ಬೇರೆ ಪುಸ್ತಕ ಬೇಕಾಗಿಲ್ಲ.

ಮುಂದಿನ ವಾರ ಹಲಸಿನ ಎಳೆಯ ಸಸಿಯ ಎಲೆ ತೋರಿಸಿ. ಸಸಿಯ ಎಲೆಗೆ ಸೀಳುಗಳಿರುತ್ತವೆ, ದೊಡ್ಡ ಮರದ ಎಲೆ ಇಡಿಯಾಗಿರುತ್ತದೆ. ‘ಇದು ಹಲಸೇ ಅಲ್ಲ’ ಎಂದು ಮಕ್ಕಳು ವಾದಿಸುತ್ತಾರೆ. ವಾದಿಸಲಿ. ಎರಡನ್ನೂ ಬಿಡಿಸಿದ ಮೇಲೆ ಸಸಿಯ ಬುಡಕ್ಕೆ ಕರೆದುಕೊಂಡು ಹೋಗಿ, ಕೆಳಗಿನಿಂದ ಮೇಲಕ್ಕೆ ಒಂದೊಂದೇ ಎಲೆ ನೋಡಿಸಿ.

ಪ್ರಶ್ನೆ: ಶಾಲೆಯ ಹಿಂದಿನ ಗುಡ್ಡೆಯ ಕೆಂಪು ಮಣ್ಣನ್ನು ನೀರಲ್ಲಿ ಕಲಸಿ ಮಕ್ಕಳಿಂದ ಚಿತ್ರ ಬಿಡಿಸಿದೆವು. ಒಣಗಿದ ಮೇಲೆ ಕಾಗದದಿಂದ ಹುಡಿಯಾಗಿ ಉದುರಿತು. ಎರಡನೇ ಸಲ ಅಂಟು ಹಾಕಿದೆವು. ಬಿರುಕು ಬಿಟ್ಟಿತು, ವಾರದಲ್ಲಿ ಬೂಸಲು ಬಂದು ನಾತ ಹೊಡೆಯಿತು. ಎಲ್ಲಿ ತಪ್ಪಿದ್ದೇವೆ?
– ಯುಪಿ (ಹಿರಿಯ ಪ್ರಾಥಮಿಕ) ಶಾಲೆಯ ಅಧ್ಯಾಪಕರು, ಪೈವಳಿಕೆ

ಮಣ್ಣು ಬಣ್ಣವಾಗುವುದು ಅದರ ಮರಳು ಹೋದ ಮೇಲೆ. ನೀವು ಮರಳನ್ನೂ ಸೇರಿಸಿ ಬಳಿದದ್ದರಿಂದ ಉದುರಿದೆ. ಅಂಟು ಹೆಚ್ಚಾದ್ದರಿಂದ ಬಿರಿದಿದೆ. ಕಲಸಿದ ಬಣ್ಣವನ್ನು ಮಳೆಗಾಲದಲ್ಲಿ ಕೂಡಿಟ್ಟದ್ದರಿಂದ ಬೂಸಲು ಬಂದಿದೆ.

ಒಂದು ಕಿಲೋ ಒಣ ಮಣ್ಣನ್ನು ಹುಡಿ ಮಾಡಿ, ಅಕ್ಕಿಹಿಟ್ಟಿನ ಜರಡಿಯಲ್ಲಿ ಗಾಳಿಸಿ ಬಕೆಟಿಗೆ ಹಾಕಿ, ನಾಲ್ಕು ಲೀಟರ್ ನೀರು ಹೊಯ್ದು ಕೋಲಿನಿಂದ ಚೆನ್ನಾಗಿ ಕದಡಿ. ಕದಡುವುದು ನಿಲ್ಲಿಸಿ ಅರವತ್ತು ಎಣಿಸುವವರೆಗೆ ಕಾಯಿರಿ. ಮರಳು ತಳಕ್ಕೆ ಇಳಿಯುತ್ತದೆ. ಮೇಲಿನ ಕೆಂಪು ನೀರನ್ನು ಮಾತ್ರ ಮೆಲ್ಲನೆ ಎರಡನೇ ಬಕೆಟಿಗೆ ಬಗ್ಗಿಸಿ. ತಳದ ಮರಳು ಸ್ವಲ್ಪವೂ ಜಾರಬಾರದು, ಕೊನೆಯ ಅರ್ಧ ಲೀಟರ್ ಹೋದರೆ ಹೋಗಲಿ. ಆ ಕೆಂಪು ನೀರನ್ನು ಒಂದು ರಾತ್ರಿ ಅಲ್ಲಾಡಿಸದೆ ಇಡಿ. ಬೆಳಿಗ್ಗೆ ಮೇಲಿನ ತಿಳಿ ನೀರು ಚೆಲ್ಲಿದರೆ ತಳದಲ್ಲಿ ಮೊಸರಿನಂಥ ಕೆಸರು ಇರುತ್ತದೆ. ಅದನ್ನು ಹಳೆಯ ಹೆಂಚಿನ ಮೇಲೋ ದಪ್ಪ ಬಟ್ಟೆಯ ಮೇಲೋ ಹರಡಿ ಒಣಗಿಸಿ ಅರೆಯಿರಿ. ಬೆರಳುಗಳ ನಡುವೆ ತಿಕ್ಕಿದಾಗ ಪೌಡರಿನಂತೆ ಜಾರಿದರೆ ಸರಿಯಾಗಿದೆ. ಗರಗರ ಅಂದರೆ ಇನ್ನೊಮ್ಮೆ ನೀರಿಗೆ ಹಾಕಿ ಮೊದಲಿನಿಂದ ಮಾಡಿ. ಈ ಹುಡಿಯನ್ನು ಡಬ್ಬಿಯಲ್ಲಿ ವರ್ಷಗಟ್ಟಲೆ ಇಡಬಹುದು.

ಅಂಟಿಗೆ ಅಂಟಿನುಂಡೆಗೆ ಹಾಕುವ ಗೋಂದು ತನ್ನಿ. ಅಂಗಡಿಯಲ್ಲಿ ಗೋಂದ್ ಕತೀರಾ ಎಂಬ ಇನ್ನೊಂದನ್ನು ಕೊಟ್ಟಾರು. ಅದು ನೀರಿನಲ್ಲಿ ಕರಗದೆ ಜೆಲ್ಲಿಯಂತೆ ಉಬ್ಬುತ್ತದೆ, ಬಣ್ಣಕ್ಕೆ ಆಗದು. ಗೇರುಮರದ ಕಾಂಡದಲ್ಲಿ ಗಟ್ಟಿಯಾಗಿರುವ ಅಂಟಿನ ಉಂಡೆಯೂ ನಡೆಯುತ್ತದೆ. ಅದನ್ನು ದೊಡ್ಡವರೇ ತರಲಿ, ಗೇರುಬೀಜದ ಸಿಪ್ಪೆ ಜೊತೆಗೆ ಬರದಂತೆ ನೋಡಿಕೊಳ್ಳಿ. ಆ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ. ಒಂದು ಪಾಲು ಗೋಂದಿಗೆ ಎರಡು ಪಾಲು ಬಿಸಿನೀರು ಹೊಯ್ದು ರಾತ್ರಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ. ಎರಡು ಚಮಚ ಮಣ್ಣಿನ ಹುಡಿಗೆ ಒಂದು ಚಮಚ ಗೋಂದಿನ ನೀರು, ಹದಕ್ಕೆ ಬೇಕಾದಷ್ಟು ಸಾದಾ ನೀರು. ಮಣ್ಣಿನಿಂದ ಮಣ್ಣಿಗೆ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ, ಹಾಗಾಗಿ ಒಂದು ತುಂಡು ಕಾಗದದಲ್ಲಿ ಬಳಿದು ಒಣಗಿಸಿ ನೋಡಿ. ಒಣಗಿದ ಬಣ್ಣ ಹುಡಿಯಾಗಿ ಬೆರಳಿಗೆ ಹತ್ತಿದರೆ ಗೋಂದು ಕಡಿಮೆ. ಹೊಳೆದು ಬಿರಿದರೆ, ಕಾಗದ ಸುರುಳಿಯಾದರೆ ಗೋಂದು ಹೆಚ್ಚು. ಬಣ್ಣ ಬಿರಿಯದಿರಲೆಂದು ಕೆಲವರು ಒಂದೆರಡು ತೊಟ್ಟು ಜೇನು ಸೇರಿಸುತ್ತಾರೆ. ಬೇಸಿಗೆಯಲ್ಲಿ ಒಳ್ಳೆಯದು, ಜೂನ್‌ನಿಂದ ಆಗಸ್ಟ್‌ವರೆಗೆ ಬೇಡ: ಚಿತ್ರ ಒಣಗುವುದೇ ಇಲ್ಲ, ಇರುವೆ ಬರುತ್ತದೆ. ಆ ದಿನಕ್ಕೆ ಬೇಕಾದಷ್ಟೇ ಕಲಸಿದರೆ ಬೂಸಲಿನ ಮಾತೇ ಇಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಇದು ಬರೀ ಬಣ್ಣ ತಯಾರಿ. ಪಾಠ ಇರುವುದು ಮುಂದೆ. ಮಕ್ಕಳು ತಮ್ಮ ತಮ್ಮ ಮನೆಯ ಮಣ್ಣು ತರಲಿ, ಒಂದು ಗೆರಟೆ ಸಾಕು: ಅಂಗಳದ್ದು, ತೋಟದ್ದು, ಗದ್ದೆಯದ್ದು, ಬಾವಿ ತೋಡಿದಾಗ ಹೊರಹಾಕಿದ್ದು. ಹತ್ತು ಮನೆಯಿಂದ ಆರೇಳು ಬಣ್ಣವಾದರೂ ಸಿಗುತ್ತದೆ. ಕೆಂಪು ಬರುವುದು ಕಬ್ಬಿಣದ ಆಕ್ಸೈಡಿನಿಂದ. ಹಳದಿಯೂ ಕಬ್ಬಿಣವೇ, ಅದರೊಳಗೆ ನೀರಿನ ಅಂಶ ಸೇರಿಕೊಂಡಿರುತ್ತದೆ. ನಂಬದವರಿಗೆ ಒಂದು ಪ್ರಯೋಗ: ಸೋಸಿ ಒಣಗಿಸಿದ ಹಳದಿ ಮಣ್ಣಿನ ಹುಡಿಯನ್ನು ಕಬ್ಬಿಣದ ಕಾವಲಿಯಲ್ಲಿ ಅರ್ಧ ಗಂಟೆ ಹುರಿಯಿರಿ. ಇದು ಅಧ್ಯಾಪಕರ ಕೆಲಸ, ಮಕ್ಕಳು ದೂರ ನಿಂತು ನೋಡಲಿ. ಹುಡಿ ಕಣ್ಣೆದುರೇ ಕೆಂಪಾಗುತ್ತ ಬರುತ್ತದೆ, ಸೇರಿಕೊಂಡಿದ್ದ ನೀರು ಬಿಟ್ಟುಹೋಗುವುದೇ ಕಾರಣ. ಇಟ್ಟಿಗೆ, ಹೆಂಚು ಸುಟ್ಟಾಗ ಕೆಂಪಾಗುವುದೂ ಆವೆಮಣ್ಣಿನ ಕಬ್ಬಿಣದಿಂದಲೇ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮ ಕರಾವಳಿಯ ಮಾಡುಗಳಿಗೆ ಬಂದ ಬಣ್ಣ ಅದು.

ಇನ್ನು ಆ ಬಣ್ಣಗಳಿಂದ ಏನು ಬಿಡಿಸುವುದು? ನಿಮ್ಮ ಗುಡ್ಡೆಯನ್ನೇ ಬಿಡಿಸಿ, ಅಡ್ಡ ಕೊಯ್ದ ಹಾಗೆ. ಮೇಲೆ ಗಟ್ಟಿ ಕೆಂಪುಕಲ್ಲು, ಅದರಡಿ ಹಳದಿ ಮಿಶ್ರಿತ ಪದರ, ಮತ್ತೂ ಕೆಳಗೆ ಬಿಳಿ, ನಸುಗೆಂಪು ಬಣ್ಣದ ಶೇಡಿಮಣ್ಣು. ಪ್ರತಿ ಪದರವನ್ನು ಆಯಾ ಪದರದ ಮಣ್ಣಿನಿಂದಲೇ ಬಳಿಯಬೇಕು. ಕೆಂಪುಕಲ್ಲಿನ ತೂತುಗಳಲ್ಲಿ ನೀರು ಇಳಿಯುತ್ತದೆ, ಶೇಡಿಯಲ್ಲಿ ಸುಲಭಕ್ಕೆ ಇಳಿಯದು. ಎರಡೂ ಸೇರುವಲ್ಲಿ ಒಸರು. ಸುರಂಗ ಕೊರೆದು ನೀರು ತಂದ ನಮ್ಮ ಹಿರಿಯರು ಹುಡುಕುತ್ತ ಹೋದದ್ದು ಒಸರನ್ನೇ. ಚಿತ್ರದಲ್ಲಿ ಸುರಂಗವನ್ನು ಎಲ್ಲಿ ಬಿಡಿಸಬೇಕೆಂದು ಮಕ್ಕಳನ್ನೇ ಕೇಳಿ. ಗಾಳಿ ಬೆಳಕು ಸೋಕಿದಂತೆ ಗಟ್ಟಿಯಾಗುವ ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟವರು ಫ್ರಾನ್ಸಿಸ್ ಬುಕಾನನ್. ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದಲ್ಲಿ ಕಂಡದ್ದನ್ನು 1807ರಲ್ಲಿ ಅಚ್ಚಾದ ತಮ್ಮ ಪ್ರವಾಸ ಕಥನದಲ್ಲಿ ಬರೆದರು. ಲ್ಯಾಟಿನ್ನಿನ ‘ಇಟ್ಟಿಗೆ’ ಎಂಬ ಶಬ್ದದಿಂದ ಬಂದ ಹೆಸರದು.

ಒಂದು ಮಾತು ಖಡಾಖಂಡಿತ. ಹೊಸದಾಗಿ ಕಡಿದ ಬರೆಯ (ಗುಡ್ಡೆಯ ಕಡಿದಾದ ಬದಿಯ) ಅಡಿಯಿಂದ, ಕೆಂಪುಕಲ್ಲಿನ ಕೋರೆಯಿಂದ ಮಕ್ಕಳು ಮಣ್ಣು ತರಕೂಡದು. ಮೇಲಿನ ಕಲ್ಲಿನ ಹೊದಿಕೆ ಹೋಗಿ ಶೇಡಿ ಹೊರಗೆ ಬಿದ್ದ ಕಡೆ ಮಳೆ ನೀರು ಕುಡಿದ ಬರೆ ಸದ್ದಿಲ್ಲದೆ ಜರಿಯುತ್ತದೆ. ಬರೆ ಯಾಕೆ ಜರಿಯುತ್ತದೆ ಎಂಬುದನ್ನು ಮಕ್ಕಳು ಆ ಪದರದ ಚಿತ್ರದಲ್ಲೇ ನೋಡಿ ಹೇಳಬಲ್ಲರು.

ಪ್ರಶ್ನೆ: ಅರಶಿನಕ್ಕೆ ಸುಣ್ಣ ಸೇರಿಸಿ ಒಳ್ಳೆಯ ಕೆಂಪು ಮಾಡಿ ಚಾರ್ಟಿನಲ್ಲಿ ಬಳಿದೆವು. ಹದಿನೈದು ದಿನದಲ್ಲಿ ಕೆಂಪು ಹೋಗಿ ಮಾಸಲು ಹಳದಿಯಾಯಿತು. ನಾಗಮಂಡಲಕ್ಕೆ ಇದೇ ಕೆಂಪು ಅಲ್ಲವೇ?
– ಎಂಟನೇ ತರಗತಿಯ ವಿದ್ಯಾರ್ಥಿನಿ, ಬದಿಯಡ್ಕ

ಅದೇ ಕೆಂಪು. ಆದರೆ ನಾಗಮಂಡಲದ ಬಣ್ಣ ಒಂದು ರಾತ್ರಿ ಬಾಳಿದರೆ ಸಾಕು. ಸೇವೆ ಮುಗಿದ ಮೇಲೆ ಅಳಿಸಿ ಪ್ರಸಾದವಾಗಿ ಹಂಚುತ್ತಾರೆ. ಅದರ ಐದು ಬಣ್ಣಗಳಲ್ಲಿ ಹೊಟ್ಟು ಸುಟ್ಟ ಕರಿ, ಎಲೆಯ ಹುಡಿಯ ಹಸಿರು, ಅರಶಿನ ಎಲ್ಲವೂ ಮಣ್ಣಿಗೆ ಸೇರುವಂಥವು. ಚಾರ್ಟಿನಲ್ಲಿ ವರ್ಷವಿಡೀ ಇರಲೆಂದು ಆರಿಸಿದವಲ್ಲ.

ನಿನ್ನ ಬಣ್ಣ ಮಾಸಲು ಎರಡು ಕಾರಣಗಳಿವೆ ಮಗೂ. ಅರಶಿನದ ಕರ್ಕ್ಯುಮಿನ್ ಕ್ಷಾರದಲ್ಲಿ ಮಾತ್ರ ಕೆಂಪು. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸುಣ್ಣ ನಿಧಾನವಾಗಿ ಸುಣ್ಣದ ಕಲ್ಲಿನ ರೂಪಕ್ಕೆ ತಿರುಗಿದಾಗ ಕ್ಷಾರದ ಬಲ ಕುಂದುತ್ತದೆ, ಕೆಂಪು ಹಿಂದೆ ಸರಿಯುತ್ತದೆ. ಇನ್ನೊಂದು, ಬಿಸಿಲು ಕರ್ಕ್ಯುಮಿನ್ನನ್ನೇ ಮುರಿಯುತ್ತದೆ. ನಿನ್ನ ಚಾರ್ಟಿಗೆ ಯಾವುದಾಯಿತೆಂದು ನೀನೇ ಕಂಡುಹಿಡಿಯಬಹುದು. ಒಂದು ಚಮಚ ಅರಶಿನಕ್ಕೆ ಕಡಲೆಕಾಳಿನಷ್ಟು ತಾಂಬೂಲದ ಸುಣ್ಣ, ಮೂರು ಚಮಚ ನೀರು ಹಾಕಿ ಕಲಸಿ ಮೂರು ಪಟ್ಟಿಗಳಿಗೆ ಬಳಿ. ಒಂದು ಕಿಟಕಿಯ ಬಿಸಿಲಿಗೆ, ಒಂದು ಗಾಳಿಯಾಡುವ ನೆರಳಿಗೆ, ಒಂದು ಮುಚ್ಚಿದ ಡಬ್ಬಿಯೊಳಗೆ. ಎರಡು ವಾರದ ಮೇಲೆ ಮಾಸಿದ ಪಟ್ಟಿಯ ತುದಿಗೆ ಹೊಸ ಸುಣ್ಣದ ತಿಳಿನೀರು ಮುಟ್ಟಿಸು. ಕೆಂಪು ಮರಳಿ ಬಂದರೆ ಗಾಳಿಯ ಕೆಲಸ, ಬಾರದಿದ್ದರೆ ಬಿಸಿಲಿನದ್ದು. ತಾಂಬೂಲದ ಸುಣ್ಣ ಮಾತ್ರ ಬಳಸು, ಸುಟ್ಟ ಸುಣ್ಣದ ಹರಳು ಮುಟ್ಟಬೇಡ. ಮುಗಿದ ತಕ್ಷಣ ಕೈ ತೊಳೆ, ಕಣ್ಣಿಗೆ ಕೈ ಒಯ್ಯಬೇಡ.

ಬಾಳುವ ಕೆಂಪು ಬೇಕಾದರೆ ಮೇಲೆ ಹೇಳಿದ ಕೆಂಪು ಮಣ್ಣಿನ ಹುಡಿಗೆ ಹೋಗು. ದಾಸವಾಳ, ಶಂಖಪುಷ್ಪ, ಬಸಳೆಹಣ್ಣಿನ ರಸಗಳೂ ಮಾಸುವಂಥವೇ. ಆದರೆ ದಾಸವಾಳದ ರಸ ಬಳಿದ ಕಾಗದಕ್ಕೆ ಒಂದು ಬದಿಯಲ್ಲಿ ನಿಂಬೆರಸ, ಇನ್ನೊಂದು ಬದಿಯಲ್ಲಿ ಸಾಬೂನಿನ ನೀರು ಮುಟ್ಟಿಸಿದರೆ ಕೆಂಪೂ ಹಸಿರೂ ಬರುತ್ತದೆ. ನಿನ್ನ ಪಾಠದಲ್ಲಿರುವ ಲಿಟ್ಮಸ್ ಮಾಡುವ ಕೆಲಸವೂ ಅದೇ.

ಪ್ರಶ್ನೆ: ‘ಕಸದಿಂದ ರಸ’ ಸ್ಪರ್ಧೆಗೆ ಮಕ್ಕಳು ಕಡಲ ಬದಿಯ ಚಿಪ್ಪು, ಪ್ಲಾಸ್ಟಿಕ್ ಬಾಟಲಿ ತಂದು ಥರ್ಮಾಕೋಲಿಗೆ ಅಂಟಿಸುತ್ತಾರೆ. ಇದು ಪರಿಸರ ಶಿಕ್ಷಣವೇ?
– ಪಿಟಿಎ ಸದಸ್ಯೆ, ಮಂಜೇಶ್ವರ

ಅಲ್ಲ. ಥರ್ಮಾಕೋಲ್ ಅಂಗಡಿಯಿಂದ ಹೊಸದಾಗಿ ಬಂತು, ಮಿನುಗುಹುಡಿ ಬಂತು, ಸ್ಪರ್ಧೆ ಮುಗಿದ ಮರುದಿನ ಎಲ್ಲವೂ ಒಂದಕ್ಕೊಂದು ಅಂಟಿಕೊಂಡು ಬೇರ್ಪಡಿಸಲಾಗದ ಕಸವಾಯಿತು. ಬಾಟಲಿ ಬಾಟಲಿಯಾಗಿಯೇ ಇದ್ದಿದ್ದರೆ ಮನೆಮನೆಯಿಂದ ಕಸ ಸಂಗ್ರಹಿಸುವ ಹರಿತಕರ್ಮ ಸೇನೆಯವರು ಒಯ್ಯುತ್ತಿದ್ದರು. ಖಾಲಿ ಶಂಖಗಳನ್ನು ಸನ್ಯಾಸಿ ಏಡಿಗಳು ಮನೆ ಮಾಡಿಕೊಳ್ಳುತ್ತವೆ, ಅವು ಅಲ್ಲೇ ಇರಲಿ.

ಬದಲಿಗೆ ನಾಲ್ಕು ಮೀಟರ್ ಹಗ್ಗದಿಂದ ಮರಳಿನ ಮೇಲೆ ಒಂದು ಮೀಟರ್ ಉದ್ದಗಲದ ಚೌಕ ಮಾಡಿ. ಅದರೊಳಗೆ ಇರುವ ಪ್ರತಿಯೊಂದನ್ನೂ ಇದ್ದ ಜಾಗದಲ್ಲೇ ಬಿಡಿಸಲಿ: ಏಡಿಯ ತೂತು, ಚಿಪ್ಪು, ಬಲೆಯ ನೂಲು, ಮುಚ್ಚಳ. ಅಲೆಯ ಅಂಚಿನಲ್ಲೊಂದು ಚೌಕ, ಗಾಳಿಮರದ ಬುಡದಲ್ಲೊಂದು. ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟಾಗ ಕಸ ಕಡಲಿನಿಂದ ಬಂದದ್ದೋ ರಸ್ತೆಯಿಂದ ಬಂದದ್ದೋ ಎಂಬ ಚರ್ಚೆ ತಾನೇ ಏಳುತ್ತದೆ. ಚಿತ್ರ ಆದ ಮೇಲೆ ದೊಡ್ಡವರು ಕೈಗವುಸು ಹಾಕಿಕೊಂಡು ಕಸ ಹೆಕ್ಕಲಿ.

ಪ್ರಶ್ನೆ: ಮಳೆಗಾಲದ ನಾಲ್ಕು ತಿಂಗಳು ಮಕ್ಕಳನ್ನು ಹೊರಗೆ ಕರೆದೊಯ್ಯುವುದೇ ಕಷ್ಟ. ಇಡೀ ಶಾಲೆ ಸೇರಿ ಮಾಡಬಹುದಾದ್ದು ಏನಾದರೂ ಇದೆಯೇ?
– ಮುಖ್ಯೋಪಾಧ್ಯಾಯರು, ಮುಳ್ಳೇರಿಯ

ಮಳೆಯನ್ನೇ ಬಿಡಿಸಿ. ದಿನಕ್ಕೊಂದು ಗೆರೆಯಂತೆ ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ, ಒಟ್ಟು 122 ದಿನ.

ಎರಡು ಚಾರ್ಟ್ ಕಾಗದಗಳನ್ನು ಉದ್ದಕ್ಕೆ ಅರ್ಧ ಮಾಡಿದರೆ ಸುಮಾರು 28 ಸೆಂ.ಮೀ. ಅಗಲ, 71 ಸೆಂ.ಮೀ. ಉದ್ದದ ನಾಲ್ಕು ಪಟ್ಟಿ. ಎರಡೆರಡು ಸೆಂ.ಮೀ. ಒಂದರ ಮೇಲೊಂದು ಬರುವಂತೆ ಅಂಟಿಸಿದರೆ 278 ಸೆಂ.ಮೀ. ಉದ್ದದ ಸುರುಳಿ. ದಿನಕ್ಕೆ 2 ಸೆಂ.ಮೀ. ಎಂದರೆ 244 ಸೆಂ.ಮೀ. ಸಾಕು, ಉಳಿದದ್ದರಲ್ಲಿ ಶಾಲೆಯ ಹೆಸರು, ವರ್ಷ. ಕೆಳಗಿನಿಂದ 7 ಸೆಂ.ಮೀ.ಗೆ ಒಂದು ಅಡ್ಡಗೆರೆ ಎಳೆಯಿರಿ. ಗೆರೆಯ ಮೇಲೆ ಮಳೆಯ ಕಂಬ, 1 ಮಿ.ಮೀ. ಮಳೆಗೆ 1 ಮಿ.ಮೀ. ಎತ್ತರ. ಅಂದರೆ ಬಿದ್ದ ಮಳೆಯೇ ಅದೇ ಎತ್ತರಕ್ಕೆ ಕಾಗದದ ಮೇಲೆ ನಿಲ್ಲುತ್ತದೆ. ಹವಾಮಾನ ಇಲಾಖೆ ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರೀ, 115.6ರಿಂದ ಅತಿಭಾರೀ, 204.5ರಿಂದ ವಿಪರೀತ ಮಳೆ ಎನ್ನುತ್ತದೆ; ಯೆಲ್ಲೋ, ಓರೆಂಜ್, ರೆಡ್ ಅಲರ್ಟುಗಳು ಈ ಮಟ್ಟಗಳ ಮೇಲೆಯೇ. ಆ ಮೂರು ಎತ್ತರಗಳಲ್ಲಿ ಅದೇ ಬಣ್ಣದ ತೆಳು ಗೆರೆ ಎಳೆದಿಡಿ. ರೆಡ್ ಅಲರ್ಟ್ ಎಂದರೆ ರಜೆ ಎಂದಷ್ಟೇ ಗೊತ್ತಿರುವ ಮಕ್ಕಳಿಗೆ ಅದು ಎಷ್ಟು ನೀರು ಎಂದು ಕಣ್ಣಿಗೆ ಕಾಣಲಿ.

ಅಳೆಯಲು ಎರಡು ಲೀಟರಿನ, ಮೈ ನೇರ ಇರುವ ಬಾಟಲಿ ಬೇಕು. ನಡು ಸಣ್ಣಗಿರುವುದು ಆಗದು. ಕುತ್ತಿಗೆಯ ಕೆಳಗೆ ಕತ್ತರಿಸಿ, ಆ ಮೇಲ್ಭಾಗವನ್ನು ತಲೆಕೆಳಗಾಗಿ ಆಲಿಕೆಯಂತೆ ಇಟ್ಟು ಸುತ್ತ ಟೇಪ್ ಹಚ್ಚಿ. ಬಾಟಲಿಯ ಬುಡ ಉಬ್ಬುತಗ್ಗಾಗಿರುವುದರಿಂದ ಅಲ್ಲಿಂದ ಅಳೆದರೆ ಲೆಕ್ಕ ತಪ್ಪುತ್ತದೆ. ಬುಡಕ್ಕೆ ಬೆಣಚುಕಲ್ಲು ಹಾಕಿ, ಮೈ ನೇರವಾಗುವಲ್ಲಿಯವರೆಗೆ ನೀರು ಹೊಯ್ದು ಅಲ್ಲಿ ಸೊನ್ನೆ ಗುರುತು ಮಾಡಿ. ಮೇಲಕ್ಕೆ ಸ್ಕೇಲ್ ಅಂಟಿಸಿ. ನೆಲದ ಮಳೆ ಚಿಮ್ಮಿ ಒಳಗೆ ಬೀಳದಂತೆ ಬಾಯಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿರಲಿ. ಹತ್ತಿರದ ಮರ, ಕಟ್ಟಡಗಳ ಎತ್ತರದ ಎರಡು ಪಾಲಿನಷ್ಟು ದೂರ ಇಡಿ. ಇಲಾಖೆಯವರು ಅಳೆಯುವ ಹೊತ್ತು ಬೆಳಿಗ್ಗೆ 8:30. ನೀವೂ ಅದನ್ನೇ ಹಿಡಿದರೆ ಪತ್ರಿಕೆಯ ಅಂಕಿಯೊಂದಿಗೆ ಹೋಲಿಸಬಹುದು. ಜಡಿಮಳೆಯ ದಿನ ಬಾಟಲಿ ತುಂಬಿ ಹರಿದೀತು, ಸಂಜೆಯೂ ಒಮ್ಮೆ ಅಳೆದು ಸೊನ್ನೆಗೆ ಇಳಿಸಿ, ಎರಡನ್ನೂ ಕೂಡಿಸಿ.

ರಜೆಯ ದಿನಗಳೇ ದೊಡ್ಡ ತೊಡಕು. ಶಾಲೆಯ ಪಕ್ಕದ ಮನೆಯ ಮಗುವಿಗೆ ವಹಿಸಿ. ಅಳೆಯದೆ ಎರಡು ದಿನ ಕಳೆದರೆ ಒಟ್ಟು ಅಂಕಿಯನ್ನು ಎರಡೂ ದಿನಗಳ ಮೇಲೆ ಒಂದು ಕಂಸ ಹಾಕಿ ಬರೆಯಿರಿ. ಸಮಪಾಲು ಹಂಚಿ ಎರಡು ಕಂಬ ಬಿಡಿಸಬೇಡಿ. ಕಾಣದ್ದನ್ನು ಕಂಡಂತೆ ಬರೆದ ಹಾಗಾಗುತ್ತದೆ.

ಗೆರೆಯ ಕೆಳಗಿನ 7 ಸೆಂ.ಮೀ. ಚಿತ್ರಕ್ಕೆ. ಆ ದಿನ ಕಂಡದ್ದು, ಕೇಳಿದ್ದು: ಮೊದಲ ಕಪ್ಪೆಯ ಕೂಗು, ಗೋಡೆಯ ಪಾಚಿ, ಅಣಬೆ, ಮದಕ (ಮಳೆನೀರಿನ ಕೆರೆ) ತುಂಬಿದ ದಿನ. ಜೊತೆಗೆ ವಾರಕ್ಕೊಮ್ಮೆ ತೋಡಿನ ನೀರನ್ನು ದೊಡ್ಡವರೊಬ್ಬರು ಗಾಜಿನ ಲೋಟದಲ್ಲಿ ತರಲಿ. ಬಿಳಿ ಕಾಗದದ ಮುಂದೆ ಇಟ್ಟು, ಮಣ್ಣಿನ ಬಣ್ಣವನ್ನೇ ತೆಳು ಮಾಡಿ ಅದಕ್ಕೆ ಸರಿಹೊಂದಿಸಿ ಒಂದು ಚೌಕ ಬಳಿಯಿರಿ. ಮೇಲೆ ಹುಲ್ಲು, ಮರ ಇರುವ ಗುಡ್ಡೆಯ ತೋಡು ಮೊದಲ ಮಳೆಗಳಲ್ಲಿ ಕೆಂಪಾಗಿ ಹರಿದು ತಿಳಿಯಾಗುತ್ತ ಬರುತ್ತದೆ. ಜೆಸಿಬಿ ಹೊಕ್ಕ ಗುಡ್ಡೆಯದ್ದು ಮಳೆ ಬಂದಾಗಲೆಲ್ಲ ಕೆಂಪೇ.

ಸುರುಳಿಯನ್ನು ಗೋಡೆಗೆ ಅಂಟಿಸಬೇಡಿ. ಆಷಾಢದಲ್ಲಿ ಗೋಡೆ ಬೆವರಿ ಕಾಗದ ಜೋತು ಹರಿಯುತ್ತದೆ. ಗೋಡೆಯಿಂದ ಬಿಟ್ಟು ಹಗ್ಗ ಕಟ್ಟಿ ಕ್ಲಿಪ್ಪಿನಲ್ಲಿ ತೂಗಿಸಿ, ನೀರುಬಣ್ಣದ ಬದಲು ಪೆನ್ಸಿಲ್, ಕ್ರೇಯಾನ್ ಬಳಸಿ. ದೊಡ್ಡ ಮಕ್ಕಳಿಗೆ ಒಂದು ಲೆಕ್ಕ: ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಎಂದರೆ 1 ಲೀಟರ್. 6 ಮೀಟರ್ ಅಗಲ, 8 ಮೀಟರ್ ಉದ್ದದ ತರಗತಿಯ ಮಾಡಿನಿಂದ 100 ಮಿ.ಮೀ. ಮಳೆಯ ದಿನ 4,800 ಲೀಟರ್ ನೀರು ಇಳಿಯುತ್ತದೆ. ಅದು ಎಲ್ಲಿಗೆ ಹೋಯಿತೆಂದು ಅಂಗಳದ ನಕ್ಷೆಯಲ್ಲಿ ಬಾಣ ಹಾಕಿ ತೋರಿಸಲಿ.

ಪ್ರಶ್ನೆ: ಓಣಂ ಪೂಕಳಂ (ಹೂವಿನ ರಂಗೋಲಿ) ಸ್ಪರ್ಧೆಗೆ ತರಗತಿಗೊಂದರಂತೆ ಸಾವಿರಾರು ರೂಪಾಯಿಯ ಹೂ ತರಿಸುತ್ತೇವೆ. ಪದವಿನಿಂದ (ಕೆಂಪುಕಲ್ಲಿನ ಬಯಲಿನಿಂದ) ಕಾಕ್ಕಪ್ಪೂವು ಎಂಬ ಪುಟ್ಟ ನೀಲಿ ಹೂ ಕಿತ್ತು ತರಲು ಮಕ್ಕಳಿಗೆ ಹೇಳಬಹುದೇ?
– ಅಧ್ಯಾಪಿಕೆ, ಕುಂಬಳೆ ಉಪಜಿಲ್ಲೆ

ದಯವಿಟ್ಟು ಬೇಡ. ಪದವಿನ ಬಂಡೆಯ ಮೇಲೆ ಬೆರಳಿನಷ್ಟೂ ಇಲ್ಲದ ಮಣ್ಣಿನಲ್ಲಿ, ಮಳೆನೀರು ನಿಂತಷ್ಟು ದಿನ ಮಾತ್ರ ಬಾಳುವ ಸಸ್ಯವದು. ಮಣ್ಣಿನಲ್ಲಿ ಸಾರವಿಲ್ಲದ್ದರಿಂದ ಬುಡದ ಪುಟ್ಟ ಚೀಲಗಳಲ್ಲಿ ನೀರಿನ ಸೂಕ್ಷ್ಮ ಜೀವಿಗಳನ್ನು ಹಿಡಿದು ತಿನ್ನುತ್ತದೆ. ಹೂ ಎಳೆದರೆ ಗಿಡವೇ ಕಿತ್ತು ಬರುತ್ತದೆ, ಬೀಜವಾಗುವ ಮೊದಲೇ. ಮಕ್ಕಳನ್ನು ಅಲ್ಲಿಗೇ ಕರೆದೊಯ್ಯಿರಿ. ಪಾದ ಇಡುವ ಕಡೆ ನೋಡಿ, ಬೋಳು ಕಲ್ಲಿನ ಮೇಲೆ ಮೊಣಕಾಲೂರಿ ಕೂತು, ಒಂದು ಹೂವನ್ನು ಇರುವುದಕ್ಕಿಂತ ಹತ್ತು ಪಾಲು ದೊಡ್ಡದಾಗಿ ಬಿಡಿಸಲಿ. ಮಸೂರವಿದ್ದರೆ ಇನ್ನೂ ಒಳ್ಳೆಯದು. ನೀಲಿ ಹೂವಿನ ಹಿಂದೆ ಕೊಂಬಿನಂಥ ಬಾಲ ಇರುವುದು ಆಗಲೇ ಕಾಣುವುದು.

ಪೂಕಳಂ ಅನ್ನು ಚಿಕ್ಕದು ಮಾಡಿ. ಒಂದು ಮೀಟರ್ ವ್ಯಾಸದ ವೃತ್ತಕ್ಕೆ ಸುಮಾರು 7,850 ಚದರ ಸೆಂ.ಮೀ. ಹೂ ಬೇಕು, 30 ಸೆಂ.ಮೀ. ವೃತ್ತಕ್ಕೆ ಸುಮಾರು 707 ಸಾಕು. ಹಿತ್ತಿಲಿನ ಹೂವಿನಿಂದ ಮುಗಿಯುತ್ತದೆ. ಅತ್ತಂನಿಂದ ತಿರುವೋಣಂವರೆಗಿನ ಹತ್ತು ದಿನಗಳಲ್ಲಿ ಶಾಲೆ ಇರುವಷ್ಟು ದಿನ ದಿನಕ್ಕೊಂದು ಸುತ್ತು ಹೆಚ್ಚಿಸಿ. ನಿಯಮ ಹೀಗಿರಲಿ: ಲಂಟಾನ, ನೆಲದಲ್ಲಿ ಹಬ್ಬುವ ಹಳದಿ ಸಿಂಗಪುರ ಡೈಸಿಯಂಥ ಹೊರಗಿನಿಂದ ಬಂದು ಹಬ್ಬಿದವನ್ನು ಎಷ್ಟು ಬೇಕಾದರೂ ಕೀಳಬಹುದು, ದಾಸವಾಳ, ಕೇಪಳ ಗಿಡಕ್ಕೆ ಒಂದೋ ಎರಡೋ, ತುಂಬೆ ಒಬ್ಬರಿಗೆ ಹತ್ತು ಹೂ, ಮೊಗ್ಗು ಯಾವುದೂ ಇಲ್ಲ. ಲಂಟಾನದ ಹಸಿರು ಕಾಯಿ ಬಾಯಿಗೆ ಹಾಕದಂತೆ ನೋಡಿಕೊಳ್ಳಿ, ಕಣಗಿಲೆ ಹೂ ಬೇಡವೇ ಬೇಡ. ಅಂಗಡಿಯ ಚೆಂಡುಹೂ ತಂದರೂ ಅದು ಗುಂಡ್ಲುಪೇಟೆಯ ಹೊಲದಿಂದ ಹೊರಟು ಬಂದ ದಾರಿಯನ್ನು ನಕ್ಷೆಯಲ್ಲಿ ಗುರುತಿಸಲಿ.

ಪ್ರಶ್ನೆ: ಅಡಿಕೆ ಹಾಳೆಯಿಂದ ಮುಖವಾಡ ಮಾಡಿ ಯಕ್ಷಗಾನದ ಬಣ್ಣದ ವೇಷದವರು ಬಳಸುವ ಅರದಳ, ಇಂಗಳೀಕ ಹಚ್ಚಬಹುದೇ?
– ನಾಟಕ ಕಲಿಸುವವರು, ನೀರ್ಚಾಲು

ಅರದಳ ಆರ್ಸೆನಿಕ್‌ನ ಸಲ್ಫೈಡ್, ಇಂಗಳೀಕ ಪಾದರಸದ ಸಲ್ಫೈಡ್. ಶಾಲೆಯೊಳಗೆ ಎರಡೂ ಬೇಡ, ತೋರಿಸುವುದಕ್ಕೂ ಬೇಡ. ಮಣ್ಣಿನ ಕೆಂಪು, ಹಳದಿ, ಶೇಡಿಯ ಬಿಳಿ, ಗೆರಟೆ ಸುಟ್ಟ ಮಸಿ ಸಾಕು. ಬೀಜ ಅಂಟಿಸುವುದಾದರೆ ಗುಲಗಂಜಿ ಬೇಡ. ಒಡೆದ ಬೀಜ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಅಪಾಯ. ಮಂಜಾಡಿ ಬಳಸಿ.

ಹಾಳೆಯನ್ನು ಜನವರಿಯಿಂದ ಮೇ ಒಳಗೆ ಬಿದ್ದವುಗಳಲ್ಲಿ ಆರಿಸಿಡಿ. ಮಳೆಗಾಲದಲ್ಲಿ ಬಿದ್ದದ್ದರ ಮೇಲೆ ಕೊಳೆರೋಗಕ್ಕೆ ಬಿಟ್ಟ ಮೈಲುತುತ್ತಿನ ನೀಲಿ ಚುಕ್ಕೆ ಇರುತ್ತದೆ. ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಹಲಗೆಯಡಿ ಭಾರ ಹೇರಿ ಒಂದು ರಾತ್ರಿ ಇಟ್ಟರೆ ಚಪ್ಪಟೆಯಾಗುತ್ತದೆ. ಒಣ ಹಾಳೆ ಬಗ್ಗಿಸಿದರೆ ನಾರಿನುದ್ದಕ್ಕೆ ಸೀಳುತ್ತದೆ, ದಾರ ಕಟ್ಟುವ ತೂತಿನ ಹಿಂದೆ ಬಟ್ಟೆಯ ತುಂಡನ್ನು ಮೈದಾ ಅಂಟಿನಿಂದ ಹಚ್ಚಿ ಆಮೇಲೆ ತೂತು ಮಾಡಿ. ನುಣುಪು ಬದಿ ಬಣ್ಣ ಹಿಡಿಯದು. ಮರಳುಕಾಗದದಿಂದ ಹಗುರಾಗಿ ತಿಕ್ಕಿ.

ಪ್ರಶ್ನೆ: ಇದಕ್ಕೆಲ್ಲ ಮಾರ್ಕು ಹಾಕುವುದು ಹೇಗೆ? ಪಾಠ ಹಿಂದೆ ಬೀಳುತ್ತದೆ ಎಂದು ಪೋಷಕರು ಹೇಳುತ್ತಾರೆ.
– ಅಧ್ಯಾಪಕರು, ಉಪ್ಪಳ

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಯನ್ನು ಪಾಠದ ಒಳಗಿನದ್ದೆಂದೇ ಕಂಡಿತು, 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಲೆಯನ್ನು ಬೇರೆ ವಿಷಯಗಳೊಡನೆ ಬೆರೆಸಿ ಕಲಿಸಿ ಎಂದಿದೆ. ಆದರೆ ಪೋಷಕರಿಗೆ ಅದನ್ನು ಓದಿ ಹೇಳುವುದಕ್ಕಿಂತ ಎಲೆಯ ಚಿತ್ರ ಕೈಗೆ ಕೊಟ್ಟು, ರಾಶಿಯಿಂದ ಆ ಎಲೆ ಹುಡುಕಲು ಹೇಳಿ. ಪಿಟಿಎ ಸಭೆಯಲ್ಲಿ ಐದು ನಿಮಿಷದ ಕೆಲಸ.

ಚೆಂದಕ್ಕೆ ಮಾರ್ಕು ಬೇಡ. ನಿರಂತರ ಮೌಲ್ಯಮಾಪನದ ಪುಸ್ತಕದಲ್ಲಿ ಮೂರೇ ಸಂಗತಿ ಬರೆದುಕೊಳ್ಳಿ: ಎದುರಿಗಿದ್ದ ವಸ್ತುವಿನಲ್ಲಿ ಮಾತ್ರ ಇರುವ ಗುರುತೊಂದಾದರೂ ಚಿತ್ರದಲ್ಲಿದೆಯೇ, ಅಳತೆ, ಎಣಿಕೆ ಸರಿಯಿದೆಯೇ, ಬಿಡಿಸಿದ ಮೇಲೆ ಮಗು ತಾನಾಗಿ ಒಂದು ಪ್ರಶ್ನೆ ಕೇಳಿತೇ. ಮೂರನೆಯದಕ್ಕೆ ಹೆಚ್ಚು ಬೆಲೆ ಕೊಡಿ, ಪ್ರಶ್ನೆಯನ್ನು ಮಗುವಿನ ಮಾತಿನಲ್ಲೇ ಬರೆದಿಡಿ. ಚಿತ್ರದ ಮುಖದ ಮೇಲೆ ಕೆಂಪು ಪೆನ್ನಿನಲ್ಲಿ ಏನನ್ನೂ ಬರೆಯಬೇಡಿ. ಬರೆಯುವುದಿದ್ದರೆ ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ. ಅಲ್ಲೇ ತಾರೀಕು, ಜಾಗ, ಮಗುವಿನ ಹೆಸರು ಇರಲಿ. ಜೂನ್‌ನಲ್ಲಿ ಬಿಡಿಸಿದ ಎಲೆಯನ್ನೂ ಫೆಬ್ರವರಿಯಲ್ಲಿ ಅದೇ ಮರದಡಿ ಕೂತು ಬಿಡಿಸಿದ ಎಲೆಯನ್ನೂ ಜೊತೆಗಿಟ್ಟು ನೋಡಬೇಕಾದರೆ ಆ ತಾರೀಕು ಬೇಕಾಗುತ್ತದೆ.